ಬಸ್ಸಿನಲ್ಲಿ ಏರಿದ ವಾಲ್ಯೂಮ್ ಮನೆಯಲ್ಲಿ ಇಳಿಯುವುದಿಲ್ಲ: ಹೆಡ್‌ಫೋನ್ ಬಳಸುವವರು ಕಿವಿ ಕಾಪಾಡಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಹೆಡ್‌ಫೋನ್‌ನ ವಾಲ್ಯೂಮ್ ತಗ್ಗಿಸಬೇಕೆಂದು ತೀರ್ಮಾನಿಸಿದವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಸೋಲುತ್ತಾರೆ. ಸೋಮವಾರ ಬೆಳಿಗ್ಗೆ ವಾಲ್ಯೂಮನ್ನು ಅರ್ಧಕ್ಕೆ ಇಳಿಸಿ ಬಸ್ಸು ಹತ್ತುತ್ತಾರೆ. ಬಸ್ಸು ನಿಲ್ದಾಣದಿಂದ ಹೊರಡುತ್ತಿದ್ದಂತೆ ಹಾಡಿನ ಸಾಹಿತ್ಯ ಎಂಜಿನ್ನಿನ ಸದ್ದಿನಲ್ಲಿ ಮುಳುಗುತ್ತದೆ, ಬೆರಳು ತಾನಾಗಿ ಬಟನ್ನಿನ ಕಡೆಗೆ ಹೋಗುತ್ತದೆ, ಗುರುವಾರದ ಹೊತ್ತಿಗೆ ವಾಲ್ಯೂಮ್ ಹಳೆಯ ಜಾಗಕ್ಕೇ ಬಂದು ನಿಂತಿರುತ್ತದೆ. ಇದಕ್ಕೆ ಮನಸ್ಸಿನ ದೃಢತೆ ಸಾಲದು ಎಂದು ತಮ್ಮನ್ನೇ ಹಳಿದುಕೊಳ್ಳುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಆದರೆ ತಪ್ಪು ಇರುವುದು ಹೆಜ್ಜೆಗಳ ಕ್ರಮದಲ್ಲಿ. ಹೊರಗಿನ ಸದ್ದು ಕಿವಿಯೊಳಗೆ ಧಾರಾಳವಾಗಿ ನುಗ್ಗುತ್ತಿರುವಾಗ ಹಾಡಿನ ಸದ್ದನ್ನು ಮಾತ್ರ ಕಡಿಮೆ ಮಾಡುತ್ತೇನೆಂದರೆ ಅದು ಯಾರಿಗೂ ಹೆಚ್ಚು ದಿನ ಸಾಧ್ಯವಾಗುವ ಕೆಲಸವಲ್ಲ. ಮೊದಲು ಹೊರಗಿನ ಸದ್ದನ್ನು ತಡೆಯಬೇಕು, ನಂತರ ನಿಶ್ಶಬ್ದದಲ್ಲಿ ಮಟ್ಟವನ್ನು ಗೊತ್ತುಮಾಡಬೇಕು, ಆಮೇಲೆ ಅದನ್ನು ಫೋನಿನಲ್ಲಿ ಬಿಗಿ ಮಾಡಬೇಕು, ಕೊನೆಯಲ್ಲಿ ಸಮಯದ ಲೆಕ್ಕ ಇಡಬೇಕು. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ದಯವಿಟ್ಟು ಹಿಂದು ಮುಂದು ಮಾಡಬೇಡಿ.

ಬೇಕಾಗುವ ವಸ್ತುಗಳು

ನಿಮ್ಮ ಫೋನ್ ಮತ್ತು ದಿನವೂ ಬಳಸುವ ಹೆಡ್‌ಫೋನ್ ಅಥವಾ ಇಯರ್‌ಫೋನ್ ಸಾಕು. ಕಿವಿಯೊಳಗೆ ಕೂರುವ ಇಯರ್‌ಫೋನ್ ಆಗಿದ್ದರೆ ಅದರ ಡಬ್ಬಿಯೊಂದಿಗೆ ಬಂದ, ಬಹಳ ಮಂದಿ ಬಿಚ್ಚದೆಯೇ ಎಸೆಯುವ, ಚಿಕ್ಕ ಮತ್ತು ದೊಡ್ಡ ಅಳತೆಯ ರಬ್ಬರ್ ಇಯರ್‌ಟಿಪ್‌ಗಳನ್ನು ಹುಡುಕಿ ಎತ್ತಿಡಿ. ಒಣಗಿದ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಒಂದಿರಲಿ. ಔಷಧದ ಅಂಗಡಿಯಲ್ಲಿ ಅಥವಾ ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಫೋಮ್ ಇಯರ್‌ಪ್ಲಗ್ ಒಂದು ಜೊತೆ ತಂದಿಡಿ. ಅದು ಹಾಡು ಕೇಳುವುದಕ್ಕಲ್ಲ, ಬೇರೆ ಕೆಲಸಕ್ಕೆ ಬರುತ್ತದೆ. ಲೆಕ್ಕ ಬರೆಯಲು ಒಂದು ಹಾಳೆ ಬೇಕು.

ಹಂತ 1: ಈಗ ಎಷ್ಟು ಜೋರಾಗಿ ಕೇಳುತ್ತಿದ್ದೀರಿ ಎಂದು ತಿಳಿಯಿರಿ

ಎರಡು ದಿನ ಯಾವ ಬದಲಾವಣೆಯನ್ನೂ ಮಾಡಬೇಡಿ. ಬಸ್ಸು, ಮೆಟ್ರೊ, ಆಫೀಸು, ಅಡುಗೆಮನೆ, ಎಲ್ಲೆಲ್ಲಿ ಹಾಡು ಕೇಳುತ್ತೀರೋ ಅಲ್ಲಲ್ಲಿ ವಾಲ್ಯೂಮ್ ಎಷ್ಟರಲ್ಲಿದೆ, ಎಷ್ಟು ಹೊತ್ತು ಕೇಳಿದಿರಿ ಎಂಬುದನ್ನಷ್ಟೇ ಬರೆದುಕೊಳ್ಳಿ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ವಾಲ್ಯೂಮ್ 15 ಮೆಟ್ಟಿಲುಗಳಲ್ಲಿ ಏರುತ್ತದೆ, ಕೆಲವದರಲ್ಲಿ ಮೆಟ್ಟಿಲುಗಳು ಇನ್ನೂ ಹೆಚ್ಚು. ಸೊನ್ನೆಯಿಂದ ಬಟನ್ ಒತ್ತುತ್ತಾ ಎಣಿಸಿದರೆ ನಿಮ್ಮ ಫೋನಿನದು ಗೊತ್ತಾಗುತ್ತದೆ.

ಮೂರನೆಯ ರಾತ್ರಿ ಮನೆ ಸದ್ದಡಗಿದ ಮೇಲೆ, ಫ್ಯಾನು, ಟಿವಿ ಎಲ್ಲ ಆರಿಸಿ, ಹತ್ತು ನಿಮಿಷ ಸುಮ್ಮನೆ ಕುಳಿತಿರಿ. ನಂತರ ಬಸ್ಸಿನಲ್ಲಿ ಕೇಳಿದ ಅದೇ ಹಾಡನ್ನು, ಬಸ್ಸಿನಲ್ಲಿದ್ದ ಅದೇ ಮಟ್ಟದಲ್ಲಿ, ಐದು ಸೆಕೆಂಡು ಮಾತ್ರ ಹಾಕಿ ನೋಡಿ. ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ದಿನವೂ ಹೋಗಿ ಬರುತ್ತಿದ್ದ ಕಾಲದಲ್ಲಿ ನನ್ನ ಮಟ್ಟ 15ಕ್ಕೆ 12 ಇತ್ತು, ಬಸ್ಸಿನಲ್ಲಿ ಅದು ಹದವಾಗಿಯೇ ಇದೆ ಎನ್ನಿಸುತ್ತಿತ್ತು. ರಾತ್ರಿ ಅದೇ 12ರಲ್ಲಿ ಹಾಕಿದಾಗ ಎರಡನೆಯ ಸೆಕೆಂಡಿಗೇ ಇಯರ್‌ಫೋನ್ ಕಿತ್ತು ಹಾಸಿಗೆಯ ಮೇಲೆ ಎಸೆದೆ. ಹಾಸಿಗೆಯ ಮೇಲೆ ಬಿದ್ದ ಆ ಇಯರ್‌ಫೋನಿನಿಂದ ತಬಲೆಯ ಬಡಿತ ಬಾಗಿಲ ಬಳಿಗೂ ಕೇಳುತ್ತಿತ್ತು. ಒಳಕಿವಿಯ ಮೇಲೆ ಬೀಳುವ ಹೊಡೆತ ಎರಡೂ ಕಡೆ ಒಂದೇ. ಬಸ್ಸಿನಲ್ಲಿ ಅದು ಗೊತ್ತಾಗುವುದಿಲ್ಲ, ಅಷ್ಟೇ.

ಈ ಪರೀಕ್ಷೆಯನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ನಿಮ್ಮ ಈಗಿನ ಮಟ್ಟ ಜೋರು ಎಂಬುದು ನಿಮ್ಮದೇ ಕಿವಿಗೆ ತಿಳಿಯದಿದ್ದರೆ ಉಳಿದ ಹಂತಗಳೆಲ್ಲ ಪಥ್ಯದ ಹಾಗೆ ಕಾಣುತ್ತವೆ.

ಹಂತ 2: ಜಾಗಕ್ಕೆ ತಕ್ಕ ಸಾಧನವನ್ನು ಆರಿಸಿ

ಕಿವಿಯ ಬಾಯಿಗೆ ಸುಮ್ಮನೆ ಸಿಕ್ಕಿಸಿಕೊಳ್ಳುವ, ರಬ್ಬರ್ ಇಲ್ಲದ ಗಟ್ಟಿ ಪ್ಲಾಸ್ಟಿಕ್ಕಿನ ಇಯರ್‌ಬಡ್‌ಗಳು ಹೊರಗಿನ ಸದ್ದನ್ನು ಹೆಚ್ಚುಕಡಿಮೆ ತಡೆಯುವುದೇ ಇಲ್ಲ. ಮನೆಯಲ್ಲಿ ಅವು ತೊಂದರೆಯಿಲ್ಲ, ಬಸ್ಸಿನಲ್ಲಿ ಅವುಗಳಿಗಿಂತ ಕೆಟ್ಟ ಆಯ್ಕೆ ಇಲ್ಲ. ಕಿವಿಯ ನಾಳವನ್ನು ಮುಚ್ಚುವ ರಬ್ಬರ್ ಅಥವಾ ಫೋಮ್ ತುದಿಯ ಇಯರ್‌ಫೋನ್, ಅಥವಾ ಇಡೀ ಕಿವಿಯನ್ನು ಸುತ್ತುವರಿಯುವ ದಿಂಬಿನ ಹೆಡ್‌ಫೋನ್, ಸದ್ದಿನ ಜಾಗಕ್ಕೆ ಸರಿಯಾದವು.

ನಾಯ್ಸ್ ಕ್ಯಾನ್ಸಲೇಶನ್ ಇರುವ ಸಾಧನ ಕೊಳ್ಳಲು ಸಾಧ್ಯವಿದ್ದರೆ ಒಳ್ಳೆಯದು, ಆದರೆ ಅದು ಏನು ಮಾಡುತ್ತದೆ ಎಂಬುದನ್ನು ತಿಳಿದು ಕೊಳ್ಳಿ. ಅದರ ಮೈಕ್ರೊಫೋನ್ ಹೊರಗಿನ ಸದ್ದನ್ನು ಹಿಡಿದು ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹೊರಡಿಸಿ ಎರಡನ್ನೂ ಕಳೆಯುತ್ತದೆ. ಎಂಜಿನ್, ವಿಮಾನ, ಫ್ಯಾನಿನಂತಹ ಒಂದೇ ಸಮನೆ ಗುಡುಗುಡು ಎನ್ನುವ ತಗ್ಗು ಸದ್ದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹಾರ್ನ್, ಕಂಡಕ್ಟರ ಸೀಟಿ, ಮಗುವಿನ ಅಳು ಇವುಗಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಅವುಗಳನ್ನು ತಡೆಯುವುದು ರಬ್ಬರಿನ ಬಿಗಿತವೇ. ಇನ್ನೊಂದು ಮಾತು: ಕ್ಯಾನ್ಸಲೇಶನ್ ಆನ್ ಮಾಡಿದ ಮೇಲೂ ವಾಲ್ಯೂಮನ್ನು ಹಳೆಯ ಜಾಗದಲ್ಲೇ ಬಿಟ್ಟರೆ ಕಿವಿಗೆ ಬೀಳುವ ಸದ್ದು ಕಡಿಮೆಯಾಗಿರುವುದಿಲ್ಲ, ಹಾಡು ಇನ್ನಷ್ಟು ಸ್ಪಷ್ಟವಾಗಿರುತ್ತದೆ ಅಷ್ಟೇ. ದುಬಾರಿ ಹೆಡ್‌ಫೋನ್ ಕೊಂಡವರು ಮಾಡುವ ಸಾಮಾನ್ಯ ತಪ್ಪು ಇದು.

ಕಿವಿಯ ಮುಂದಿನ ಮೂಳೆಯ ಮೇಲೆ ಕೂರುವ ಬೋನ್ ಕಂಡಕ್ಷನ್ ಹೆಡ್‌ಫೋನ್‌ನಿಂದ ಕಿವಿಗೆ ಅಪಾಯವೇ ಇಲ್ಲ ಎಂಬ ನಂಬಿಕೆ ಹರಡಿದೆ. ಅದರ ಕಂಪನವೂ ತಲುಪುವುದು ಅದೇ ಒಳಕಿವಿಗೆ, ಹಾನಿಯಾಗುವುದೂ ಅದೇ ಜೀವಕೋಶಗಳಿಗೆ. ಹೊರಗಿನ ಸದ್ದನ್ನು ಅದು ತಡೆಯದ ಕಾರಣ ರಸ್ತೆಯಲ್ಲಿ ಅದನ್ನು ಜೋರು ಮಾಡುವ ಆಸೆ ಹೆಚ್ಚು. ಬ್ಲೂಟೂತ್ ಒಳ್ಳೆಯದೋ ವೈರ್ ಒಳ್ಳೆಯದೋ ಎಂಬ ಚರ್ಚೆಯನ್ನು ಶ್ರವಣಶಕ್ತಿಯ ಮಟ್ಟಿಗೆ ಬದಿಗಿಡಬಹುದು. ಕಿವಿ ಎಣಿಸುವುದು ಸದ್ದಿನ ಪ್ರಮಾಣವನ್ನು ಮತ್ತು ಸಮಯವನ್ನು.

ದ್ವಿಚಕ್ರ ವಾಹನ ಓಡಿಸುವಾಗ, ರಸ್ತೆ ಅಥವಾ ರೈಲು ಹಳಿ ದಾಟುವಾಗ ಯಾವ ಸಾಧನವೂ ಬೇಡ. ಇಲ್ಲಿ ಕಿವಿಗಿಂತ ಜೀವದ ಪ್ರಶ್ನೆ ದೊಡ್ಡದು.

ಹಂತ 3: ಇಯರ್‌ಟಿಪ್ಪನ್ನು ಸರಿಯಾಗಿ ಕೂರಿಸಿ

ಇಡೀ ಮಾರ್ಗದರ್ಶಿಯಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು, ಅತಿ ಹೆಚ್ಚು ಜನ ಹಾರಿಸಿಬಿಡುವ ಹಂತವೂ ಇದೇ. ಡಬ್ಬಿಯಿಂದ ತೆಗೆದಾಗ ಇಯರ್‌ಫೋನಿಗೆ ಮಧ್ಯಮ ಅಳತೆಯ ಟಿಪ್ ಸಿಕ್ಕಿಸಿರುತ್ತಾರೆ. ಅದು ನಿಮ್ಮ ಕಿವಿಗೆ ಸರಿಹೊಂದಲೇಬೇಕೆಂದಿಲ್ಲ. ಎಡಗಿವಿ ಬಲಗಿವಿಗಳ ನಾಳಗಳು ಒಂದೇ ಗಾತ್ರದಲ್ಲಿ ಇಲ್ಲದಿರುವುದು ಸಹಜವಾದ್ದರಿಂದ ಒಂದು ಕಡೆ ಮಧ್ಯಮ, ಇನ್ನೊಂದು ಕಡೆ ದೊಡ್ಡದು ಹಾಕಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಮೊದಲು ಟಿಪ್ಪನ್ನು ಕಳಚಿ ಇಯರ್‌ಫೋನಿನ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಗುಗ್ಗೆ ಕಟ್ಟಿಕೊಂಡಿದ್ದರೆ ಸದ್ದು ಕ್ಷೀಣವಾಗುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ. ಒಂದು ಕಡೆ ಮಾತ್ರ ಕಟ್ಟಿಕೊಂಡಿದ್ದರೆ ಇನ್ನೂ ಅಪಾಯ, ಏಕೆಂದರೆ ಮುಚ್ಚಿದ ಕಡೆಗೆ ಸಾಕಾಗುವಷ್ಟು ಏರಿಸಿದಾಗ ಚೆನ್ನಾಗಿರುವ ಕಡೆ ಅತಿಯಾಗುತ್ತದೆ. ಜಾಲರಿಯನ್ನು ಕೆಳಮುಖವಾಗಿ ಹಿಡಿದು ಒಣ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಪಿನ್ನಿನಿಂದ ಕೆದಕಬೇಡಿ. ಟಿಪ್ಪನ್ನು ಮಾತ್ರ ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬಹುದು.

ಈಗ ಹಾಕಿಕೊಳ್ಳುವ ಕ್ರಮ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಬಲಗಿವಿಯ ಮೇಲ್ತುದಿಯನ್ನು ಹಿಡಿದು ಮೆಲ್ಲಗೆ ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಹೀಗೆ ಎಳೆದಾಗ ವಕ್ರವಾಗಿರುವ ನಾಳ ನೇರವಾಗುತ್ತದೆ. ಬಲಗೈಯಿಂದ ಇಯರ್‌ಫೋನನ್ನು ಒಳಗೆ ತಳ್ಳದೆ ಸ್ವಲ್ಪ ತಿರುಗಿಸುತ್ತಾ ಕೂರಿಸಿ, ನಂತರ ಕಿವಿಯನ್ನು ಬಿಡಿ. ಫೋಮ್ ಟಿಪ್ ಆದರೆ ಅದನ್ನು ಮೊದಲು ಬೆರಳುಗಳ ನಡುವೆ ಬತ್ತಿ ಹೊಸೆದಂತೆ ಹೊಸೆದು ತೆಳ್ಳಗೆ ಮಾಡಿ, ಕೂರಿಸಿದ ಮೇಲೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ಅದು ಒಳಗೆ ಅರಳಿಕೊಳ್ಳಲು ಅಷ್ಟು ಹೊತ್ತು ಬೇಕು.

ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಹಾಡು ಹಾಕದೆಯೇ ಎರಡು ಮಾತು ಆಡಿ. ಕೊಡದೊಳಗೆ ತಲೆ ಇಟ್ಟು ಮಾತನಾಡಿದಂತೆ ನಿಮ್ಮ ದನಿ ನಿಮಗೇ ಗುಮ್ಮೆಂದು ಕೇಳಿಸಿದರೆ ನಾಳ ಮುಚ್ಚಿಕೊಂಡಿದೆ ಎಂದರ್ಥ. ದನಿಯಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ದೊಡ್ಡ ಟಿಪ್ ಹಾಕಿ ನೋಡಿ. ಎರಡನೆಯ ಗುರುತು ಮಂದ್ರ ಸ್ವರಗಳದು: ಟಿಪ್ ಸಡಿಲವಾಗಿದ್ದರೆ ಮೃದಂಗದ ಎಡಭಾಗದ ನಾದ, ಬೇಸ್ ಗಿಟಾರು ಮೊದಲು ಮಾಯವಾಗುತ್ತವೆ. ಹಾಡು ತೆಳುವಾಗಿದೆ ಎನ್ನಿಸಿದಾಗ ಬಹಳಷ್ಟು ಮಂದಿ ವಾಲ್ಯೂಮ್ ಅಥವಾ ಬೇಸ್ ಏರಿಸುತ್ತಾರೆ, ಆದರೆ ಬದಲಿಸಬೇಕಾದದ್ದು ಹತ್ತು ರೂಪಾಯಿಯ ರಬ್ಬರ್.

ಕಿವಿ ನೋಯುವಷ್ಟು ಬಿಗಿಯಾಗಿರಬಾರದು. ನಾಳದಲ್ಲಿ ತುರಿಕೆ, ಸೋರಿಕೆ ಅಥವಾ ನೋವು ಇದ್ದರೆ ಒಳಗೆ ಕೂರುವ ಇಯರ್‌ಫೋನನ್ನು ಬಿಟ್ಟು ವೈದ್ಯರಿಗೆ ತೋರಿಸಿ. ಗುಗ್ಗೆ ತೆಗೆಯಲು ಬಡ್ಸ್, ಹೇರ್‌ಪಿನ್, ಬೆಂಕಿಕಡ್ಡಿ ಹಾಕುವುದರಿಂದ ಅದು ಇನ್ನೂ ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ. ಕಾಯಿಸಿದ ಬೆಳ್ಳುಳ್ಳಿ ಎಣ್ಣೆಯನ್ನೂ ಬಿಡಬೇಡಿ. ಕಿವಿಯ ತಮಟೆಯಲ್ಲಿ ತೂತು ಇದ್ದರೆ ಅದು ಮಧ್ಯಕಿವಿಗೇ ಇಳಿಯುತ್ತದೆ.

ಹಂತ 4: ನಿಶ್ಶಬ್ದದಲ್ಲಿ ಮೂಲ ಮಟ್ಟವನ್ನು ಗೊತ್ತುಮಾಡಿ

ಮತ್ತೆ ರಾತ್ರಿಯ ಶಾಂತ ಕೋಣೆ. ಸರಿಯಾಗಿ ಕೂರಿಸಿದ ಇಯರ್‌ಫೋನ್, ಸಾಹಿತ್ಯ ನಿಮಗೆ ಬಾಯಿಪಾಠವಿಲ್ಲದ ಒಂದು ಹಾಡು. ಬಾಯಿಪಾಠವಿದ್ದರೆ ಕೇಳಿಸದ ಪದವನ್ನೂ ಮನಸ್ಸು ತುಂಬಿಕೊಳ್ಳುತ್ತದೆ. ವಾಲ್ಯೂಮನ್ನು ಸೊನ್ನೆಗೆ ಇಳಿಸಿ ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋಗಿ. ಪ್ರತಿ ಪದವೂ ಸ್ಪಷ್ಟವಾಗಿ ಕೇಳಿಸುವ ಮೊದಲ ಮೆಟ್ಟಿಲಿನಲ್ಲಿ ನಿಲ್ಲಿಸಿ ಆ ಸಂಖ್ಯೆಯನ್ನು ಬರೆದುಕೊಳ್ಳಿ. ಇದು ನಿಮ್ಮ ಮೂಲ ಮಟ್ಟ. ಮೇಲಿನಿಂದ ಇಳಿಸುತ್ತಾ ಬಂದರೆ ಎರಡು ಮೂರು ಮೆಟ್ಟಿಲು ಹೆಚ್ಚಿಗೆ ನಿಲ್ಲುತ್ತೀರಿ. ಯಾವಾಗಲೂ ಕೆಳಗಿನಿಂದಲೇ ಏರಿಸಿ.

ಹೊರಗೆ ಹೋದಾಗ ಇದಕ್ಕಿಂತ ಎರಡು ಮೆಟ್ಟಿಲಿನವರೆಗೆ ಏರಿಸಲು ಅವಕಾಶವಿದೆ ಎಂದಿಟ್ಟುಕೊಳ್ಳಿ. ಅಷ್ಟಕ್ಕೂ ಬಸ್ಸಿನಲ್ಲಿ ಸಾಹಿತ್ಯ ಕೇಳಿಸದಿದ್ದರೆ ವಾಲ್ಯೂಮ್ ಬಟನ್ನನ್ನು ಮುಟ್ಟಬೇಡಿ, ಇಯರ್‌ಟಿಪ್ಪನ್ನು ಮುಟ್ಟಿ ಸರಿಪಡಿಸಿ. ಆಗಲೂ ಕೇಳಿಸದಿದ್ದರೆ ಆ ಬಸ್ಸು ಹಾಡು ಕೇಳುವ ಜಾಗವಲ್ಲ ಎಂದು ಒಪ್ಪಿಕೊಳ್ಳುವುದೇ ಸರಿ.

ಶೇಕಡಾ 60ರ ವಾಲ್ಯೂಮಿನಲ್ಲಿ 60 ನಿಮಿಷ ಎಂಬ ಸೂತ್ರವನ್ನು ನೀವು ಕೇಳಿರಬಹುದು. ಏನೂ ಇಲ್ಲದವರಿಗೆ ಅದು ಆರಂಭವಾಗಬಹುದು, ಆದರೆ ಶೇಕಡಾವಾರು ಸಂಖ್ಯೆ ಡೆಸಿಬಲ್ ಅಲ್ಲ, ಅಂದರೆ ಸದ್ದಿನ ನಿಜವಾದ ಅಳತೆಯಲ್ಲ. ಇಯರ್‌ಫೋನ್‌ಗಳ ಸಂವೇದನೆ ಬೇರೆ ಬೇರೆ ಇರುವುದರಿಂದ ಒಂದೇ ಫೋನಿನ ಒಂದೇ ಮಟ್ಟದಲ್ಲಿ ಎರಡು ಇಯರ್‌ಫೋನ್‌ಗಳ ನಡುವೆ 10 ಡೆಸಿಬಲ್‌ಗಿಂತ ಹೆಚ್ಚು ಅಂತರ ಇರಬಹುದು. ಆದ್ದರಿಂದ ಇಯರ್‌ಫೋನ್ ಬದಲಾದಾಗಲೆಲ್ಲ ಈ ಹಂತವನ್ನು ಮತ್ತೆ ಮಾಡಬೇಕು, ಗೆಳೆಯರ ಫೋನಿನ ಸಂಖ್ಯೆ ನಿಮಗೆ ಉಪಯೋಗವಿಲ್ಲ.

ಹಾಗೆಯೇ, ಒಂದು ತೋಳಿನ ದೂರದಲ್ಲಿ ನಿಂತವರ ಮಾತು ಕೇಳಿಸಬೇಕು ಎಂಬ ಪರೀಕ್ಷೆ ತೆರೆದ ಇಯರ್‌ಬಡ್‌ಗಳಿಗೆ ಮಾತ್ರ ಹೊಂದುತ್ತದೆ. ಕಿವಿಯನ್ನು ಮುಚ್ಚುವ ಸಾಧನದಲ್ಲಿ ಹಾಡೇ ಇಲ್ಲದಿದ್ದರೂ ಮಾತು ಕೇಳಿಸದಿರಬಹುದು. ಅದಕ್ಕೆ ಹೆದರಿ ತೆರೆದ ಇಯರ್‌ಬಡ್‌ಗೆ ಮರಳಿದರೆ ಹಂತ 2 ವ್ಯರ್ಥವಾಗುತ್ತದೆ.

ಹಂತ 5: ಮಟ್ಟವನ್ನು ಫೋನಿನಲ್ಲಿ ಬಿಗಿ ಮಾಡಿ

ಐಫೋನಿನಲ್ಲಿ ಸೆಟ್ಟಿಂಗ್ಸ್ ತೆರೆದು ಸೌಂಡ್ಸ್ ಆಂಡ್ ಹ್ಯಾಪ್ಟಿಕ್ಸ್, ಅದರೊಳಗೆ ಹೆಡ್‌ಫೋನ್ ಸೇಫ್ಟಿ ಎಂಬಲ್ಲಿಗೆ ಹೋದರೆ ಜೋರಿನ ಸದ್ದನ್ನು ಕಡಿಮೆ ಮಾಡುವ ಆಯ್ಕೆ ಸಿಗುತ್ತದೆ. ಅಲ್ಲಿ 75ರಿಂದ 100 ಡೆಸಿಬಲ್‌ವರೆಗೆ ಮಿತಿ ಇಡಬಹುದು. 80ರ ಆಸುಪಾಸಿಗೆ ಇಡಿ. ಕಂಟ್ರೋಲ್ ಸೆಂಟರಿನಲ್ಲಿ ಕಿವಿಯ ಚಿತ್ರದ ಬಟನ್ ಸೇರಿಸಿಕೊಂಡರೆ ಹಾಡು ಓಡುವಾಗಲೇ ಡೆಸಿಬಲ್ ಕಾಣುತ್ತದೆ. ಆಪಲ್ಲಿನದೇ ಆದ ಏರ್‌ಪಾಡ್ಸ್‌ನಂತಹ ಸಾಧನಗಳಲ್ಲಿ ಈ ಸಂಖ್ಯೆ ಹೆಚ್ಚು ನಂಬಲರ್ಹ, ಬೇರೆಯವುಗಳಲ್ಲಿ ಅದು ಅಂದಾಜು. ಬೇರೆ ಕಂಪನಿಯ ಬ್ಲೂಟೂತ್ ಇಯರ್‌ಫೋನ್ ಆಗಿದ್ದರೆ ಬ್ಲೂಟೂತ್ ಪಟ್ಟಿಯಲ್ಲಿ ಅದರ ಮಾಹಿತಿಯನ್ನು ತೆರೆದು, ಸಾಧನದ ಬಗೆ ಹೆಡ್‌ಫೋನ್ ಎಂದು ನಮೂದಿಸಿ. ಸ್ಪೀಕರ್ ಎಂದಿದ್ದರೆ ಫೋನ್ ಲೆಕ್ಕ ಇಡುವುದಿಲ್ಲ.

ಸ್ಯಾಮ್‌ಸಂಗ್ ಫೋನಿನಲ್ಲಿ ಸೌಂಡ್ಸ್ ಆಂಡ್ ವೈಬ್ರೇಶನ್, ವಾಲ್ಯೂಮ್, ಮೇಲ್ಗಡೆಯ ಮೂರು ಚುಕ್ಕೆ, ಮೀಡಿಯಾ ವಾಲ್ಯೂಮ್ ಲಿಮಿಟ್ ಎಂಬ ದಾರಿಯಲ್ಲಿ ಹೋಗಿ, ಮೂಲ ಮಟ್ಟಕ್ಕಿಂತ ಎರಡು ಮೆಟ್ಟಿಲು ಮೇಲೆ ಮಿತಿ ಇಡಿ. ಅದಕ್ಕೆ ಪಿನ್ ಹಾಕುವ ಸೌಲಭ್ಯವಿದೆ. ಪಿನ್ ಅನ್ನು ಮನೆಯವರ ಕೈಯಲ್ಲಿ ಹಾಕಿಸುವುದು ಉತ್ತಮ, ನಿಮಗೇ ಗೊತ್ತಿದ್ದರೆ ಮೂರನೆಯ ದಿನ ತೆಗೆಯುತ್ತೀರಿ. ಬೇರೆ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ವಾಲ್ಯೂಮ್ ಲಿಮಿಟ್ ಎಂದು ಹುಡುಕಿ ನೋಡಿ. ಇಲ್ಲದಿದ್ದರೆ ಇಯರ್‌ಫೋನ್ ಕಂಪನಿಯ ಆ್ಯಪ್‌ನಲ್ಲಿ ಇದೆಯೇ ನೋಡಿ.

ಕೆಲವು ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ ಫೋನಿನ ವಾಲ್ಯೂಮ್ ಬೇರೆ, ಹೆಡ್‌ಫೋನಿನ ವಾಲ್ಯೂಮ್ ಬೇರೆ ಇರುತ್ತದೆ. ಫೋನಿನಲ್ಲಿ ಮಿತಿ ಹಾಕಿ ಹೆಡ್‌ಫೋನಿನ ಬಟನ್ ಒತ್ತಿ ಏರಿಸುತ್ತಾ ಹೋದರೆ ಮಿತಿಗೆ ಅರ್ಥವಿಲ್ಲ. ಹೆಡ್‌ಫೋನಿನದನ್ನು ಒಂದು ಕಡೆ ನಿಲ್ಲಿಸಿ, ಹಂತ 4ನ್ನು ಆ ಸ್ಥಿತಿಯಲ್ಲೇ ಮಾಡಿ, ಮುಂದೆ ಫೋನಿನ ಬಟನ್ ಮಾತ್ರ ಬಳಸಿ.

ಹಾಡಿನಿಂದ ಹಾಡಿಗೆ ಸದ್ದು ಜಿಗಿಯುವುದೂ ಮಿತಿ ಮುರಿಯಲು ದೊಡ್ಡ ಕಾರಣ. ಪಿ.ಬಿ. ಶ್ರೀನಿವಾಸ್ ಹಾಡಿದ ಕಾಲದ ಧ್ವನಿಮುದ್ರಣಗಳಲ್ಲಿ ಹಲವು ತಗ್ಗು ಮಟ್ಟದಲ್ಲಿರುತ್ತವೆ. ಅದಕ್ಕೆಂದು ಏರಿಸಿ ಕಣ್ಣು ಮುಚ್ಚಿ ಕೇಳುತ್ತಿರುವಾಗ ಪಟ್ಟಿಯಲ್ಲಿ ಮುಂದಿನದಾಗಿ ಈಗಿನ ಚಿತ್ರದ ಕುಣಿತದ ಹಾಡು ಅದೇ ವಾಲ್ಯೂಮಿನಲ್ಲಿ ಅಪ್ಪಳಿಸುತ್ತದೆ. ಸ್ಪಾಟಿಫೈನಂತಹ ಆ್ಯಪ್‌ಗಳ ಸೆಟ್ಟಿಂಗ್‌ನಲ್ಲಿ ನಾರ್ಮಲೈಸೇಶನ್ ಎಂಬುದನ್ನು ಆನ್ ಮಾಡಿ, ಅದರಲ್ಲಿ ಲೌಡ್ ಎಂಬ ಆಯ್ಕೆಯನ್ನು ಬಿಟ್ಟು ನಾರ್ಮಲ್ ಅಥವಾ ಕ್ವೈಯೆಟ್ ಇಟ್ಟರೆ ಈ ಜಿಗಿತ ತಗ್ಗುತ್ತದೆ. ವಾಲ್ಯೂಮ್ ಬೂಸ್ಟರ್ ಹೆಸರಿನ ಆ್ಯಪ್‌ಗಳನ್ನು ಅಳಿಸಿಹಾಕಿ. ಈಕ್ವಲೈಸರ್ ಬಳಸುವವರು ಬೇಕಾದದ್ದನ್ನು ಏರಿಸುವ ಬದಲು ಬೇಡವಾದದ್ದನ್ನು ಇಳಿಸಿ.

ಹಂತ 6: ವಾರದ ಲೆಕ್ಕ ಇಡಿ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ವಯಸ್ಕರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ ಮಿತಿ. ಡೆಸಿಬಲ್ ಎಂಬುದು ಸೇರಿನಂತೆ ಸಮನಾಗಿ ಏರುವ ಅಳತೆಯಲ್ಲ. ಪ್ರತಿ 3 ಡೆಸಿಬಲ್‌ಗೆ ಸದ್ದಿನ ಶಕ್ತಿ ಇಮ್ಮಡಿಯಾಗುವುದರಿಂದ ಸಮಯ ಅರ್ಧಕ್ಕೆ ಇಳಿಯುತ್ತದೆ: 83ರಲ್ಲಿ 20 ಗಂಟೆ, 86ರಲ್ಲಿ 10, 89ರಲ್ಲಿ 5, 92ರಲ್ಲಿ ಎರಡೂವರೆ, 95ರಲ್ಲಿ ಒಂದೂಕಾಲು ಗಂಟೆ. 100 ಡೆಸಿಬಲ್ ತಲುಪಿದರೆ ಇಡೀ ವಾರಕ್ಕೆ ಸುಮಾರು 20 ನಿಮಿಷ ಮಾತ್ರ ಉಳಿಯುತ್ತದೆ.

ಉದಾಹರಣೆಗೆ, ದಿನಕ್ಕೆ ಎರಡು ಗಂಟೆಯ ಪ್ರಯಾಣದಂತೆ ವಾರಕ್ಕೆ ಐದು ದಿನ 89 ಡೆಸಿಬಲ್‌ನಲ್ಲಿ ಕೇಳುವವರು 5 ಗಂಟೆಯ ಪಾಲಿಗೆ 10 ಗಂಟೆ ಖರ್ಚು ಮಾಡಿದಂತಾಯಿತು, ಅಂದರೆ ಮಿತಿಯ ಎರಡರಷ್ಟು. ಅವರೇ ಟಿಪ್ ಸರಿಪಡಿಸಿ 83ಕ್ಕೆ ಇಳಿಸಿದರೆ, ಒಂದು ಹಾಡನ್ನೂ ಕಳೆದುಕೊಳ್ಳದೆ, ಅದೇ 10 ಗಂಟೆ ಮಿತಿಯ ಅರ್ಧಕ್ಕೆ ಬರುತ್ತದೆ. ಕಡಿಮೆ ಹೊತ್ತು ಕೇಳಿ ಎಂದು ಉಪದೇಶಿಸುವುದಕ್ಕಿಂತ 6 ಡೆಸಿಬಲ್ ಇಳಿಸಿ ಎನ್ನುವುದು ನನಗೆ ಹೆಚ್ಚು ಸರಿ ಎನ್ನಿಸುವುದು ಈ ಕಾರಣಕ್ಕೆ.

ಈ ಲೆಕ್ಕದಲ್ಲಿ ಹೆಡ್‌ಫೋನಿನ ಸದ್ದು ಮಾತ್ರ ಇರುವುದಿಲ್ಲ. ಗಣೇಶನ ಮೆರವಣಿಗೆಯ ಡಿಜೆ, ಕಲ್ಯಾಣಮಂಟಪದ ಆರ್ಕೆಸ್ಟ್ರಾ, ಕಾರ್ಖಾನೆಯ ಯಂತ್ರ, ಪಟಾಕಿ ಎಲ್ಲವೂ ಅದೇ ಕಿವಿಯ ಖಾತೆಗೆ ಬೀಳುತ್ತವೆ. ಅಲ್ಲಿಗೆ ಹೋಗುವಾಗ ಜೇಬಿನಲ್ಲಿ ಫೋಮ್ ಇಯರ್‌ಪ್ಲಗ್ ಇರಲಿ. ಸದ್ದು ಮುಚ್ಚಲೆಂದು ಇಯರ್‌ಫೋನ್ ಹಾಕಿ ಅದರೊಳಗೆ ಹಾಡು ಹಾಕಿಕೊಳ್ಳುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಅಂಥ ರಾತ್ರಿಯ ಮರುದಿನ ಹೆಡ್‌ಫೋನನ್ನು ಮನೆಯಲ್ಲೇ ಬಿಡಿ.

ಒಂದು ಗಂಟೆ ಕೇಳಿದ ಮೇಲೆ ಹತ್ತು ನಿಮಿಷ ತೆಗೆದಿಡಿ. ಮತ್ತೆ ಹಾಕಿಕೊಳ್ಳುವಾಗ ಹಿಂದಿನ ಮಟ್ಟದಿಂದಲ್ಲ, ಮೂಲ ಮಟ್ಟದಿಂದ ಶುರುಮಾಡಿ.

ಹಂತ 7: ಜೋರಿಗೆ ಒಗ್ಗಿದ ಕಿವಿಯನ್ನು ಮೆಲ್ಲಗೆ ಇಳಿಸಿ

ವರ್ಷಗಟ್ಟಲೆ ಜೋರಾಗಿ ಕೇಳಿದವರಿಗೆ ಮೂಲ ಮಟ್ಟ ಮೊದಲ ದಿನ ಸಪ್ಪೆ ಎನ್ನಿಸುತ್ತದೆ. ಒಮ್ಮೆಗೇ 12ರಿಂದ 6ಕ್ಕೆ ಇಳಿಸಲು ಹೋಗಬೇಡಿ. ಮೂರು ನಾಲ್ಕು ದಿನಕ್ಕೆ ಒಂದು ಮೆಟ್ಟಿಲಿನಂತೆ ಇಳಿಸಿ, ಪ್ರತಿಬಾರಿ ಫೋನಿನ ಮಿತಿಯನ್ನೂ ಜೊತೆಗೇ ಇಳಿಸುತ್ತಾ ಹಂತ 5ರಲ್ಲಿ ಹೇಳಿದ ಮಿತಿಗೆ ತಲುಪಿ. ನನಗೆ ಇದಕ್ಕೆ ಮೂರು ವಾರ ಹಿಡಿಯಿತು. ನಡುವೆ ಒಂದು ದಿನ ತಪ್ಪಿದರೆ ಹಿಂದಿನ ಮೆಟ್ಟಿಲಿಗೆ ಹೋಗಿ ಅಲ್ಲಿಂದ ಮುಂದುವರಿಸಿ.

ಒಂದೇ ಕಿವಿಗೆ ಹಾಕಿಕೊಂಡು ಕೇಳುವ ಅಭ್ಯಾಸವನ್ನು ಈ ಅವಧಿಯಲ್ಲಿ ಪೂರ್ತಿ ಬಿಡಬೇಕು. ತೆರೆದ ಕಿವಿಯಿಂದ ಹೊರಗಿನ ಸದ್ದು ಬರುವುದರಿಂದ ಮುಚ್ಚಿದ ಕಿವಿಗೆ ಹೆಚ್ಚು ಹಾಕಬೇಕಾಗುತ್ತದೆ, ಎರಡು ಕಿವಿ ಸೇರಿ ಕೇಳುವಾಗ ಸಿಗುವ ಅನುಕೂಲವೂ ತಪ್ಪುತ್ತದೆ. ಹಾಡು ಕೇಳುತ್ತಾ ನಿದ್ದೆ ಹೋಗುವವರು ಸ್ಲೀಪ್ ಟೈಮರ್ ಹಾಕಿ. ನಿದ್ದೆ ಬಂದ ಮೇಲೆ ಕೇಳುವವರೇ ಇಲ್ಲ, ಒಳಕಿವಿ ಮಾತ್ರ ಎಚ್ಚರವಾಗಿ ದುಡಿಯುತ್ತಿರುತ್ತದೆ.

ಮಕ್ಕಳ ವಿಷಯದಲ್ಲಿ

ಮಕ್ಕಳಿಗೆ ಅದೇ ಮಾನದಂಡ ಹೇಳುವ ಮಿತಿ ವಾರಕ್ಕೆ 75 ಡೆಸಿಬಲ್‌ನಲ್ಲಿ 40 ಗಂಟೆ. ಮಕ್ಕಳ ಹೆಡ್‌ಫೋನಿನ ಡಬ್ಬಿಯ ಮೇಲೆ 85 ಡೆಸಿಬಲ್ ಎಂದು ಬರೆದಿದ್ದರೆ ಅದು ಗಂಟೆಗಟ್ಟಲೆ ಕೇಳಲು ಪರವಾನಗಿಯಲ್ಲ. ನೀವೇ ಹಾಕಿಕೊಂಡು ಪೂರ್ತಿ ವಾಲ್ಯೂಮಿನಲ್ಲಿ ಕೇಳಿ ನೋಡಿ, ನಿಮಗೇ ಜೋರೆನ್ನಿಸಿದರೆ ಮಗುವಿಗೆ ಬೇಡ. ಆನ್‌ಲೈನ್ ಪಾಠ ಅಥವಾ ಆಟಕ್ಕೆ ಸದ್ದಿಲ್ಲದ ಕೋಣೆ ಕೊಡುವುದು ಹೆಡ್‌ಫೋನ್ ಬದಲಿಸುವುದಕ್ಕಿಂತ ಸುಲಭ. ಮಗು ಟಿವಿಯ ಸದ್ದನ್ನು ಪದೇ ಪದೇ ಏರಿಸುತ್ತಿದ್ದರೆ, ಕರೆದಾಗ ಒಂದು ಕಡೆಯಿಂದ ಮಾತ್ರ ಓಗೊಡುತ್ತಿದ್ದರೆ, ಹಟ ಎಂದುಕೊಳ್ಳುವ ಮೊದಲು ಶ್ರವಣ ಪರೀಕ್ಷೆ ಮಾಡಿಸಿ.

ಎಚ್ಚರಿಕೆಯ ಲಕ್ಷಣಗಳು

ಒಳಕಿವಿಯ ಶಂಖದಂತಹ ಸುರುಳಿಯಲ್ಲಿ ಸುಮಾರು 15,000 ಕೂದಲು ಜೀವಕೋಶಗಳಿವೆ. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸದ್ದಿನ ಹಾನಿ ಸಾಮಾನ್ಯವಾಗಿ 3,000ದಿಂದ 6,000 ಹರ್ಟ್ಸ್‌ನ, ಅಂದರೆ ಎತ್ತರದ ಶ್ರುತಿಯ, ಭಾಗದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಅ, ಆ, ಇ ಮುಂತಾದ ಸ್ವರಾಕ್ಷರಗಳ ನಾದ ಅದಕ್ಕಿಂತ ಕೆಳಗಿರುವುದರಿಂದ ಸದ್ದು ಕೇಳುತ್ತಲೇ ಇರುತ್ತದೆ, ಮಾತು ಮಾತ್ರ ಅಸ್ಪಷ್ಟವಾಗುತ್ತದೆ. ಸ, ಶ, ಚ ಇಂತಹ ಅಕ್ಷರಗಳು ಮೊದಲು ಜಾರುತ್ತವೆ. ಮದುವೆಯ ಪಂಕ್ತಿಯಲ್ಲಿ ಬಡಿಸುತ್ತಿರುವಾಗ ಎಲೆಯ ಮುಂದೆ ಕುಳಿತವರು ಸಾಕು ಎಂದದ್ದು ಹಾಕು ಎಂದು ಕೇಳಿಸತೊಡಗಿದರೆ ತಮಾಷೆಯಾಗಿ ಬಿಡಬೇಡಿ, ಗಮನಿಸಿ.

ಕೇಳಿ ಮುಗಿಸಿದ ಮೇಲೆ ಕಿವಿಯಲ್ಲಿ ಗುಂಯ್ ಅಥವಾ ಕೀಂ ಎಂಬ ಸದ್ದು ಉಳಿಯುವುದು, ಹತ್ತಿ ತುರುಕಿದಂತೆ ಮಂಕಾಗುವುದು, ಗುಂಪಿನಲ್ಲಿ ಮಾತು ಬಿಡಿಸಿಕೊಳ್ಳಲಾಗದಿರುವುದು, ಸ್ಟೀಲ್ ತಟ್ಟೆ ಬಿದ್ದ ಸದ್ದು ಚುಚ್ಚಿದಂತಾಗುವುದು, ಮೂಲ ಮಟ್ಟ ತಿಂಗಳಿಂದ ತಿಂಗಳಿಗೆ ಮೇಲೇರುವುದು ಇವೆಲ್ಲ ಗಮನಿಸಬೇಕಾದ ಲಕ್ಷಣಗಳು. ಮಂಕು ಮರುದಿನ ಹೋಯಿತೆಂದು ನಿಶ್ಚಿಂತರಾಗಬೇಡಿ. ಹಾಗೆ ಮತ್ತೆ ಮತ್ತೆ ಆದರೆ ಶಾಶ್ವತವಾಗುವ ಸಾಧ್ಯತೆ ಇದೆ. ಈ ಲಕ್ಷಣಗಳಿದ್ದರೆ ಹೆಡ್‌ಫೋನ್ ನಿಲ್ಲಿಸಿ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿ.

ಒಂದು ಲಕ್ಷಣಕ್ಕೆ ಮಾತ್ರ ಕಾಯುವ ಅವಕಾಶವೇ ಇಲ್ಲ. ಬೆಳಿಗ್ಗೆ ಎದ್ದಾಗ ಅಥವಾ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳಿಸದಂತಾದರೆ, ತಲೆಸುತ್ತು ಇರಲಿ ಇಲ್ಲದಿರಲಿ, ಅದೇ ದಿನ ತಜ್ಞರ ಬಳಿಗೆ ಹೋಗಿ. ಗುಗ್ಗೆ ಕಟ್ಟಿದೆ, ನೆಗಡಿ ಇಳಿದಿದೆ ಎಂದು ವಾರ ಕಳೆದರೆ ಔಷಧ ಫಲ ಕೊಡುವ ಕಾಲ ಕೈತಪ್ಪುತ್ತದೆ.

ಶ್ರವಣ ಪರೀಕ್ಷೆಗೆ ಹೋಗುವಾಗ

ದಿನವೂ ಹೆಡ್‌ಫೋನ್ ಬಳಸುವವರು ತೊಂದರೆ ಇಲ್ಲದಿರುವಾಗಲೇ ಒಮ್ಮೆ ಆಡಿಯೊಗ್ರಾಂ, ಅಂದರೆ ಕಿವಿಗೆ ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ನಕ್ಷೆ, ಮಾಡಿಸಿಟ್ಟುಕೊಳ್ಳಬೇಕು, ಮುಂದೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೇ ಮೀಸಲಾದದ್ದು. ವೈದ್ಯಕೀಯ ಕಾಲೇಜುಗಳ ಕಿವಿ ವಿಭಾಗಗಳಲ್ಲಿಯೂ ಪರೀಕ್ಷೆ ನಡೆಯುತ್ತದೆ. ಹಿಂದಿನ ದಿನದಿಂದ ಹೆಡ್‌ಫೋನ್ ಮುಟ್ಟಬೇಡಿ, ಜೋರು ಸದ್ದಿನ ಜಾಗಕ್ಕೂ ಹೋಗಬೇಡಿ, ಇಲ್ಲವಾದರೆ ತಾತ್ಕಾಲಿಕ ಮಂಕು ಫಲಿತಾಂಶದಲ್ಲಿ ಸೇರಿಕೊಳ್ಳುತ್ತದೆ.

ಸದ್ದು ಬಾರದ ಕೋಣೆಯಲ್ಲಿ ಕೂರಿಸಿ, 250ರಿಂದ 8,000 ಹರ್ಟ್ಸ್‌ವರೆಗಿನ ಸಣ್ಣ ಪೀಂ ಸದ್ದುಗಳನ್ನು ಕೇಳಿಸುತ್ತಾರೆ. ಕೇಳಿಸಿದಾಗ ಬಟನ್ ಒತ್ತಬೇಕು. ಅನುಮಾನವಿದ್ದರೂ ಒತ್ತಿ. 3,000 ಮತ್ತು 6,000 ಹರ್ಟ್ಸ್ ಕೂಡ ನೋಡಿ ಎಂದು ಮೊದಲೇ ಕೇಳಿಕೊಳ್ಳಿ, ಕೆಲವೆಡೆ ಅವನ್ನು ಬಿಟ್ಟು ಮುಂದಕ್ಕೆ ಹೋಗುತ್ತಾರೆ. ಹಾಳೆಯಲ್ಲಿ ಕೆಂಪು ವೃತ್ತ ಬಲಗಿವಿಯದು, ನೀಲಿ ಗುಣಾಕಾರದ ಚಿಹ್ನೆ ಎಡಗಿವಿಯದು. ಹಾಳೆಯಲ್ಲಿ ಕಡಿಮೆ ಡೆಸಿಬಲ್ ಮೇಲ್ಗಡೆ, ಹೆಚ್ಚು ಡೆಸಿಬಲ್ ಕೆಳಗಡೆ ಇರುತ್ತದೆ, ಗೆರೆಗಳು 20 ಡೆಸಿಬಲ್ ಗುರುತಿನ ಮೇಲ್ಗಡೆಯ ಭಾಗದಲ್ಲಿಯೇ ಇದ್ದರೆ ಸರಿ. ಉಳಿದ ಕಡೆ ಸರಿಯಿದ್ದು 4,000ದ ಬಳಿ ಮಾತ್ರ ಗೆರೆ ಬಾವಿಗೆ ಇಳಿದಂತೆ ಕೆಳಗಿಳಿದು 8,000ಕ್ಕೆ ಮತ್ತೆ ಮೇಲೇರಿದ್ದರೆ, ಅದು ಸದ್ದಿನಿಂದಾದ ಹಾನಿಯ ಗುರುತಾಗಿರಬಹುದು. ಅದನ್ನು ತೋರಿಸಿ ತಜ್ಞರನ್ನು ಕೇಳಿ. ಹಾಳೆಯ ಫೋಟೊ ತೆಗೆದು, ದಿನಾಂಕದ ಜೊತೆ ಆ ದಿನದ ನಿಮ್ಮ ಮೂಲ ಮಟ್ಟ ಮತ್ತು ಇಯರ್‌ಫೋನಿನ ಹೆಸರನ್ನೂ ಅದರ ಹಿಂದೆ ಬರೆದಿಡಿ.